ಸಾಕಮ್ಮ ದೂರ ಕೂತದ್ದು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಆಶ್ರಮಕ್ಕೆ ಹೊಸದಾಗಿ ಬಂದವರು ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ನಾನಿಲ್ಲದಿದ್ದರೆ ಅವರಿಗೆ ದಿನವೇ ಸಾಗುವುದಿಲ್ಲ. ನನ್ನ ಸೇವೆ ಫಲಿಸಿತು ಎಂದುಕೊಳ್ಳಬಹುದೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಂದು ಶಾಲೆಯಿತ್ತು. ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ ಮಕ್ಕಳೂ ಅಲ್ಲಿ ಉಳಿದವರ ಜೊತೆಗೇ ಕೂತು ಕಲಿಯುತ್ತಿದ್ದರು. ಪಾಠ ಹೇಳುವವರು ಮೇಷ್ಟ್ರು. ಅವರಿಗೆ ನೆರವಾಗಲು ಸಹಾಯಕಿಯರಿದ್ದರು. ಅವರಲ್ಲಿ ಹಿರಿಯಳು ಸಾಕಮ್ಮ.

ಚೆಲುವಿ ಎಂಬ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಅವಳು ಕೈಸನ್ನೆಯಲ್ಲಿ ಮಾತಾಡುತ್ತಿದ್ದಳು. ಸಾಕಮ್ಮ ಸದಾ ಅವಳ ಪಕ್ಕದಲ್ಲಿರುತ್ತಿದ್ದಳು. ಮೇಷ್ಟ್ರ ಮಾತನ್ನು ಸನ್ನೆ ಮಾಡಿ ತೋರಿಸುವಳು. ಚೆಲುವಿಯ ಸನ್ನೆಯನ್ನು ಮಾತು ಮಾಡಿ ಹೇಳುವಳು. ಇಂಥ ಸಹಾಯಕಿ ಎಲ್ಲೂ ಇಲ್ಲವೆಂದು ಊರೇ ಹೊಗಳುತ್ತಿತ್ತು. ಸಾಕಮ್ಮನಿಗೂ ಹಾಗೆಯೇ ಅನ್ನಿಸುತ್ತಿತ್ತು.

ಒಂದು ದಿನ ಊಟದ ಬಿಡುವಿನಲ್ಲಿ ನಂಜಿ ಎಂಬ ಹುಡುಗಿ ಸೀಬೆಹಣ್ಣು ಹಂಚುತ್ತಾ ಬಂದಳು. ಚೆಲುವಿ ಎದುರಿಗೇ ಕೂತಿದ್ದಳು. ನಂಜಿ ಸಾಕಮ್ಮನಿಗೆ, "ಅಮ್ಮಾ, ಅವಳಿಗೆ ಬೇಕಾ ಕೇಳಿ" ಎಂದಳು. ಸಾಕಮ್ಮ ಕೇಳಿದಳು. ಚೆಲುವಿ ಬೇಕೆಂದಳು. ನಂಜಿ ಹೋಳನ್ನು ಸಾಕಮ್ಮನ ಕೈಗಿಟ್ಟು ಓಡಿದಳು.

ಸಂಜೆ ಸಾಕಮ್ಮ ಮೇಷ್ಟ್ರ ಬಳಿ ಹೋದಳು. "ಹಣ್ಣು ಕೊಟ್ಟವಳೂ ನನ್ನ ಮುಖ ನೋಡಿದಳು, ತಿಂದವಳೂ ನನ್ನ ಮುಖವನ್ನೇ ನೋಡಿದಳು. ಇನ್ನು ಪಾಠದ ಹೊತ್ತಿನಲ್ಲಿ ಮಾತ್ರ ಅವಳ ಪಕ್ಕ ಇರುತ್ತೇನೆ. ಊಟಕ್ಕೆ, ಆಟಕ್ಕೆ ದೂರ ಕೂರುತ್ತೇನೆ" ಎಂದಳು.

"ಮಗು ಒಂಟಿಯಾದರೆ?" ಎಂದರು ಮೇಷ್ಟ್ರು.

"ನನಗೂ ಅದೇ ಭಯ" ಎಂದಳು ಸಾಕಮ್ಮ.

ಚೆಲುವಿಗೂ ಇದನ್ನು ತಿಳಿಸಿದಳು. ಚೆಲುವಿ ಮುಖ ತಿರುಗಿಸಿಕೊಂಡಳು.

ಭಯಪಟ್ಟಂತೆಯೇ ಆಯಿತು. ಬಿಡುವಿನಲ್ಲಿ ಚೆಲುವಿ ಗೋಡೆಗೆ ಒರಗಿ ಒಬ್ಬಳೇ ಕೂರತೊಡಗಿದಳು. ಕೆಲವು ದಿನ ಕಳೆದ ಮೇಲೆ ಕಿರಿಯ ಸಹಾಯಕಿಯೊಬ್ಬಳು ತಡೆಯಲಾರದೆ, "ಅಕ್ಕಾ, ನಾನಾದರೂ ಹೋಗಲೇ?" ಎಂದಳು. ಸಾಕಮ್ಮ ತಾನೂ ಏಳುವುದರಲ್ಲಿದ್ದಳು. "ಇರು, ಇನ್ನೊಂದು ಗಳಿಗೆ ನೋಡೋಣ" ಎಂದು ಅವಳ ಸೆರಗು ಹಿಡಿದು ಕೂರಿಸಿ, ತಾನೂ ಕೂತಳು.

ಆಗ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ನಂಜಿ ಗೆರೆ ತುಳಿದೂ ತುಳಿಯದವಳಂತೆ ಮುಂದೆ ಕುಪ್ಪಳಿಸಿದಳು. ಬೇರೆ ಯಾರೂ ಗಮನಿಸಲಿಲ್ಲ. ಚೆಲುವಿ ನೋಡಿದ್ದಳು. ಎದ್ದು ಬಂದು ನಂಜಿಯ ಕಾಲನ್ನೇ ಹಿಡಿದು ಗೆರೆಯ ಮೇಲಿಟ್ಟು ಎಲ್ಲರಿಗೂ ತೋರಿಸಿದಳು.

"ನಾನು ತುಳಿದೇ ಇಲ್ಲ!" ಎಂದು ನಂಜಿ ಕೂಗಿದಳು. ಚೆಲುವಿ ಕೈ ಬೀಸಿ ಬೀಸಿ ಏನೋ ಹೇಳಿದಳು. ನಂಜಿ ಸಾಕಮ್ಮನ ಕಡೆ ತಿರುಗಿ, "ಅಮ್ಮಾ, ಏನಂತೆ ಇವಳದು?" ಎಂದಳು. ಸಾಕಮ್ಮ ಬೇರೆಲ್ಲೋ ನೋಡಿದಳು. ವಿಧಿಯಿಲ್ಲದೆ ನಂಜಿ ಚೆಲುವಿಯ ಕಡೆಗೇ ತಿರುಗಬೇಕಾಯಿತು.

ಅಲ್ಲಿಯವರೆಗೆ ಚೆಲುವಿಯ ಜೊತೆ ಯಾರೂ ಜಗಳವಾಡಿರಲಿಲ್ಲ. ಆ ದಿನ ಬಿಡುವು ಮುಗಿಯುವವರೆಗೂ ಜಗಳವಾಡಿದರು. 'ಸುಳ್ಳಿ' ಎಂಬುದಕ್ಕೆ ಸನ್ನೆ ಯಾವುದೆಂದು ಮಕ್ಕಳೆಲ್ಲ ಅಂದೇ ಕಲಿತರು.

ಜಗಳಕ್ಕೆ ಸನ್ನೆ ಸಾಲದೆ ನಂಜಿ ಮರುದಿನ ಚೆಲುವಿಯನ್ನೇ ಕೇಳಿ ಇನ್ನಷ್ಟು ಕಲಿತಳು. ನೋಡನೋಡುತ್ತ ತರಗತಿಗೆಲ್ಲ ಅದು ಹಬ್ಬಿತು. ಮೇಷ್ಟ್ರು ಕಪ್ಪು ಹಲಗೆಯ ಕಡೆ ತಿರುಗಿದರೆ ಸಾಕು, ಹಿಂದೆ ಎಲ್ಲರ ಕೈಗಳೂ ಹರಟೆಗೆ ತೊಡಗುತ್ತಿದ್ದವು. "ಸಾಕಮ್ಮಾ, ಮಕ್ಕಳು ಇಷ್ಟು ಸದ್ದಿಲ್ಲದೆ ಕೂತರೆ ನನಗೆ ಪಾಠ ಮಾಡಲು ಹೆದರಿಕೆಯಾಗುತ್ತದೆ" ಎಂದು ಅವರು ಗೋಳಾಡಿದರು.

ಒಂದು ಮಧ್ಯಾಹ್ನ ಚೆಲುವಿ ಏನೋ ಸನ್ನೆ ಮಾಡಿದಳು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸನ್ನೆ ಸಾಕಮ್ಮನಿಗೆ ಗೊತ್ತಿರಲಿಲ್ಲ, ಮಕ್ಕಳೇ ಹುಟ್ಟಿಸಿಕೊಂಡದ್ದು. "ಏನಂದಳೇ?" ಎಂದು ಕೇಳಿದಳು.

"ಅದು ನಮ್ಮನಮ್ಮಲ್ಲಿ ಅಮ್ಮಾ" ಎಂದಳು ನಂಜಿ.

ಸಾಕಮ್ಮ ಕಿರಿಯ ಸಹಾಯಕಿಯ ಪಕ್ಕದಲ್ಲಿ ಬಂದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನೂ ನಗುತ್ತಿದ್ದ. "ಜಾಣೆ, ಸಾಕಮ್ಮ" ಎಂದ.

ಗುರುಗಳು ಕೇಳಿದರು: "ನಿನಗೆ ತಿಳಿಯದ ಮಾತಿಗೆ ನಿನ್ನ ಹೊಸಬರು ಎಂದಾದರೂ ನಕ್ಕದ್ದುಂಟೇ?"