ಕಂಬಳಿ ಕೊಟ್ಟು ಹೋಗೋ ಗಾಳಿ

ಅರಮನೆ ಗೋಡೆ ಒಳಗೆ ಏನಿದೆ ಅಂತ ಹೊರಗಿನೋರಿಗೆ ಹೇಳಬಾರ್ದು, ಯಾವತ್ತೂ ಹೇಳಬಾರ್ದು ಅಂತ ನಮ್ಮ ಸೋದರತ್ತೆ ಈ ಕತೆ ಹೇಳಿದ ದಿನಾನೇ ನನ್ನಿಂದ ಆಣೆ ಮಾಡಿಸ್ಕೊಂಡಿದ್ರು. ಇವತ್ತು ಮುರೀತಿದೀನಿ. ಮೊದಲನೇ ಸಲ ಹೇಳ್ತಿರೋದು, ಎಲ್ಲಾದ್ರೂ ತಡವರಿಸಿದ್ರೆ ನಗಬೇಡಿ.

ಕೋಡುಗಲ್ಲು ಅಂತ ಒಂದು ಬೆಟ್ಟದ ರಾಜ್ಯ. ಅಲ್ಲಿ ಒಂದು ದಿನ ಡಂಗೂರ ಹೊಡೆದ್ರು. "ಕೇಳ್ರಪ್ಪೋ ಕೇಳಿ. ದೊರೆ ಮಗಳು ಸೋಮಾಜಿ ಅಮ್ಮಣ್ಣಿಗೆ ಉಸಿರಿನ ಕಾಯಿಲೆ. ಅವರು ಮೂರು ಒಗಟು ಕೇಳ್ತಾರೆ. ಮೂರೂ ಬಿಡಿಸಿ ಕಾಯಿಲೆ ಕಳೆದೋನಿಗೆ ಅಮ್ಮಣ್ಣಿ ಜೊತೆ ಮದುವೆ, ಅರ್ಧ ರಾಜ್ಯ. ತಪ್ಪು ಹೇಳಿದೋನ ತಲೆ ಹುಣ್ಣಿಮೆ ದಿನ ಹೋಗುತ್ತೆ."

ವರ್ಷಕ್ಕೆ ಎಂಟು ತಿಂಗಳು ಅಲ್ಲಿ ಹಲ್ಲು ಕಟಕಟ ಅನ್ನೋ ಚಳಿ. ದೊರೆ ಹೊಸ ಅರಮನೆ ಕಟ್ಟಿಸಿ, ಮಗಳು ಬೆಚ್ಚಗಿರಲಿ ಅಂತ ಒಂದು ಬಿರುಕೂ ಬಿಡದ ಹಾಗೆ ಅರಗು, ಉಣ್ಣೆ ತುಂಬಿಸಿ ಮುಚ್ಚಿಸಿದ್ದ. ಆಮೇಲೆ ಗೋಡೆ ಬೆವರೋಕೆ ಶುರುವಾಯ್ತು, ಮೂಲೇಲಿ ಕಪ್ಪು ಬೂಷ್ಟು ಬಂತು, ಹುಡುಗಿ ಕೆಮ್ಮಿ ಕೆಮ್ಮಿ ಕಡ್ಡಿ ಆದ್ಲು. ಕಿಟಕಿ ತೆಗೆದ್ರೆ ಚಳಿಜ್ವರ, ಮುಚ್ಚಿದ್ರೆ ಉಸಿರು ಕಟ್ಟೋದು. ಮಂತ್ರದ ಕೋಲು, ನವಿಲುಗರಿ ಬೀಸಣಿಗೆ ಅಂತ ಮಾರೋಕೆ ಬಂದೋರೆಲ್ಲ ಮೋಸಗಾರರು. ಅದಕ್ಕೇ ಅವಳು ಮಲಗಿದಲ್ಲೇ ಒಗಟು ಕಟ್ಟಿದ್ಲು. ತಲೆ ತೆಗೆಯೋ ಮಾತು ಮಾತ್ರ ದೊರೆ ಸೇರಿಸಿದ್ದು.

ಅರಮನೆ ಇದ್ದ ಊರ ಕೊನೇಲಿ ಚೆನ್ನಿಗ ಅಂತ ಒಬ್ಬ ಕುಂಬಾರ ಇದ್ದ. ಅವನ ತಾಯಿಗೂ ಗುಡಿಸಲಲ್ಲಿ ಇದೇ ಕೆಮ್ಮು ಇತ್ತು. ಚೆನ್ನಿಗ ಗೋಡೆಗೆ ಮಣ್ಣಿನ ಕೊಳವೆ ಇಟ್ಟ ಮೇಲೆ ನಿಂತಿತ್ತು. ಡಂಗೂರ ಕೇಳಿ ತಾಯಿ, "ನನಗೆ ಉಸಿರು ಕೊಟ್ಟೆಯಲ್ಲ ಮಗ, ಆ ಮಗೂಗೂ ಕೊಟ್ಟು ಬಾ" ಅಂದ್ಲು.

"ತಲೆ ಹೋದ್ರೆ?"

"ತಿಳಿದಿದ್ದಷ್ಟೇ ಹೇಳು. ಯಾಕೆ ಹೋಗುತ್ತೆ?"

ಅವನು ಸಭೆಗೆ ಹೋದಾಗ ಇಬ್ಬರು ಮುಂದೆ ನಿಂತಿದ್ರು, ಒಬ್ಬ ಪಕ್ಕದ ರಾಜ್ಯದ ರಾಜಕುಮಾರ, ಇನ್ನೊಬ್ಬ ರತ್ನದ ವ್ಯಾಪಾರಿ. ಚೆನ್ನಿಗನ ಕೈಲಿದ್ದ ಜೇಡಿಮಣ್ಣು ನೋಡಿ ವ್ಯಾಪಾರಿ, "ಏನಪ್ಪಾ, ಹೆಣ್ಣು ಕೇಳೋಕೆ ಬಂದ್ಯೋ, ಒಲೆ ಹಾಕೋಕೋ?" ಅಂದ.

"ಒಲೇನೂ ಹಾಕ್ತೀನಿ ಸಾಮಿ, ಕೇಳಿದ್ರೆ" ಅಂದ ಚೆನ್ನಿಗ.

ಅಮ್ಮಣ್ಣಿ ದಿಂಬಿಗೆ ಒರಗಿ ಮೊದಲನೇ ಒಗಟು ಹೇಳಿದ್ಲು. "ನನ್ನ ಕೋಣೇಲಿ ಒಬ್ಬ ಇದಾನೆ. ಇಟ್ಕೊಂಡ್ರೆ ಕತ್ತು ಹಿಸುಕ್ತಾನೆ, ಆಚೆ ಕಳಿಸಿದ್ರೆ ನನ್ನ ಕಂಬಳಿ ಹೊತ್ಕೊಂಡು ಹೋಗ್ತಾನೆ. ಯಾರು?"

"ಕಳ್ಳ ಸೇವಕ" ಅಂದ ರಾಜಕುಮಾರ. ಅವನನ್ನ ಸೆರೆಮನೆಗೆ ಎಳ್ಕೊಂಡು ಹೋದ್ರು.

ವ್ಯಾಪಾರಿ ಸ್ವಲ್ಪ ಯೋಚಿಸಿ, "ಒಳಗೇ ಹಳಸಿದ ಗಾಳಿ. ಆಚೆ ಬಿಟ್ರೆ ಬಿಸೀನೂ ಅದರ ಜೊತೆ ಹೋಗುತ್ತೆ" ಅಂದ. ಸರಿಯಾಗಿತ್ತು.

"ಎರಡನೇದು. ಇಬ್ಬರು ಒಂದೇ ಓಣೀಲಿ ಎದುರುಬದುರು ನಡೀತಾರೆ. ಒಬ್ಬರ ಮೈ ಒಬ್ಬರಿಗೆ ತಾಗಲ್ಲ. ಆದ್ರೂ ಆಚೆ ಹೋಗೋನ ಕಂಬಳಿ ಒಳಗೆ ಬರೋನ ಹೆಗಲ ಮೇಲಿರುತ್ತೆ. ಹೇಗೆ?"

"ಕಾವಲುಗಾರರು. ಪಾಳಿ ಬದಲಾಯಿಸುವಾಗ ಕಂಬಳಿ ಕೊಟ್ಟು ಹೋಗ್ತಾರೆ" ಅಂದ ವ್ಯಾಪಾರಿ.

"ಕೈಯಿಂದ ಕೈಗೆ ಕೊಟ್ರೆ ತಾಗಿದ ಹಾಗೇ ಆಯ್ತಲ್ಲ" ಅಂದ್ಲು ಅಮ್ಮಣ್ಣಿ. ವ್ಯಾಪಾರೀನೂ ಸೆರೆಮನೆ ಸೇರಿದ.

ಉಳಿದೋನು ಚೆನ್ನಿಗ. ಇದು ಅವನಿಗೆ ದಿನಾ ನೋಡೋ ಕೆಲಸ. "ನಮ್ಮ ಆವಿಗೇಲಿ ಮಡಕೆ ಸುಡುವಾಗ ಹೊಗೆ ಹೋಗೋ ಸಣ್ಣ ಕೊಳವೇನ ದೊಡ್ಡ ಕೊಳವೆ ಒಳಗೆ ಇಡ್ತೀವಿ ಅಮ್ಮಣ್ಣಿ. ನಡುವಿನ ಸಂದೀಲಿ ಹೊಸ ಗಾಳಿ ಒಳಗೆ ಬರುತ್ತೆ. ಎರಡೂ ಬೆರೆಯಲ್ಲ, ಮಧ್ಯೆ ತೆಳ್ಳಗೆ ಮಣ್ಣಿದೆ. ಬಿಸಿ ಮಾತ್ರ ಮಣ್ಣು ದಾಟಿ ಈಕಡೆ ಬರುತ್ತೆ. ಸೌದೆ ಅರ್ಧ ಉಳಿಯುತ್ತೆ."

ಅಮ್ಮಣ್ಣಿ ಎದ್ದು ಕೂತ್ಲು. "ಮೂರನೇದಕ್ಕೆ ಉತ್ತರ ನನಗೂ ಗೊತ್ತಿಲ್ಲ, ಕೇಳಿದ್ರೆ ನಿಜಾನೋ ಸುಳ್ಳೋ ಗೊತ್ತಾಗುತ್ತೆ. ಇದನ್ನ ಇಲ್ಲಿ ಇಡೋಕೆ ಎಷ್ಟು ಖರ್ಚು?"

ಚೆನ್ನಿಗ ಗೋಡೆ ತಟ್ಟಿ ನೋಡಿದ, ಹೆಜ್ಜೆ ಹಾಕಿ ಅಳೆದ. "ಕೊಳವೆಗೆ ನೂರು ಹೊನ್ನು. ಗಾಳಿ ದಬ್ಬೋಕೆ ತಿದಿ, ಅದನ್ನ ಆಡಿಸೋಕೆ ಹಳ್ಳದ ನೀರಿನ ಚಕ್ರ, ಎಂಬತ್ತು. ಗೋಡೆ ಒಡೆದು ಮತ್ತೆ ಗಾರೆ ಮಾಡೋಕೆ ಮುನ್ನೂರು."

"ಕೊಳವೆಗಿಂತ ಗೋಡೆಗೇ ಜಾಸ್ತೀನಾ?" ದೊರೆ ಗುಡುಗಿದ.

"ಕಟ್ಟುವಾಗಲೇ ಇಟ್ಟಿದ್ರೆ ಗೋಡೆ ಕೆಲಸ ಐವತ್ತರಲ್ಲಿ ಮುಗೀತಿತ್ತು ಬುದ್ಧಿ. ಈಗ ಕಟ್ಟಿ ಆಗಿದೆಯಲ್ಲ." ಚೆನ್ನಿಗ ಇನ್ನೊಂದು ಬೆರಳು ಮಡಚಿದ. "ಇನ್ನೊಂದಿದೆ. ಧೂಳು ತಡೆಯೋಕೆ ಕೊಳವೆ ಬಾಯಿಗೆ ಉಣ್ಣೆಬಟ್ಟೆ ಕಟ್ತೀವಿ. ಅದನ್ನ ತಿಂಗಳಿಗೊಂದು ಸಲ ಒಗೀಬೇಕು, ಒಗೆಯೋರಿಗೆ ಕೂಲಿ ಕೊಡಬೇಕು. ಆ ಖರ್ಚು ಮುಗಿಯೋದೇ ಇಲ್ಲ. ಬಿಟ್ರೆ ಕೆಮ್ಮು ವಾಪಸ್ ಬರುತ್ತೆ."

"ಹಾಕಿದ ದುಡ್ಡು ಸೌದೇಲಿ ಎಷ್ಟು ವರ್ಷಕ್ಕೆ ಹುಟ್ಟುತ್ತೆ?" ದೊರೆ ಕೇಳಿದ.

ಚೆನ್ನಿಗನ ಮನಸ್ಸಿಗೆ ಒಂದು ಸುಳ್ಳು ಬಂತು. ಐದು ವರ್ಷ ಅಂದ್ರೆ ಯಾರಿಗೆ ಗೊತ್ತಾಗುತ್ತೆ? "ಗೊತ್ತಿಲ್ಲ ಬುದ್ಧಿ. ಆವಿಗೆ ಲೆಕ್ಕ ಗೊತ್ತು, ಅರಮನೇದು ಗೊತ್ತಿಲ್ಲ. ಪೂರ್ತಿ ಹುಟ್ಟದೇನೂ ಇರಬಹುದು."

"ಗೊತ್ತಿಲ್ಲ ಅನ್ನೋದು ಉತ್ತರಾನಾ? ಎಳ್ಕೊಂಡು ಹೋಗಿ ಇವನನ್ನ."

"ಬಿಡಿ ಅಪ್ಪಾಜಿ" ಅಂದ್ಲು ಅಮ್ಮಣ್ಣಿ. ಕೆಮ್ಮು ಬಂತು, ಮುಗಿಯೋವರೆಗೂ ಎಲ್ಲರೂ ಕಾದ್ರು. "ಇಷ್ಟು ದಿನ ಬಂದೋರೆಲ್ಲ ಲಾಭಾನೇ ಹೇಳಿದ್ರು. ಖರ್ಚು ಹೇಳಿದೋನು ಇವನೊಬ್ಬನೇ. ಇದೇ ಉತ್ತರ."

ದೊರೆ ತಲೆ ತಗ್ಗಿಸಿದ. "ಹಾಗಾದ್ರೆ ಮದುವೆ, ಅರ್ಧ ರಾಜ್ಯ..."

"ಮೊದಲು ಅವರು ಉಸಿರಾಡಲಿ ಬುದ್ಧಿ. ಮದುವೆ ಅವರಿಷ್ಟ. ರಾಜ್ಯ ಕಟ್ಕೊಂಡು ನಾನೇನು ಮಾಡ್ಲಿ? ಸೆರೇಲಿರೋ ಇಬ್ಬರನ್ನ ಬಿಡಿ, ಗಾರೆ ಕಲೆಸೋಕೆ ಆಳು ಸಾಲದು."

ಹಾಗೇ ಆಯ್ತು. ರಾಜಕುಮಾರ ಇಟ್ಟಿಗೆ ಹೊತ್ತ, ವ್ಯಾಪಾರಿ ಸುಣ್ಣ ತುಳಿದ. ತಲೆ ಉಳಿಯಿತಲ್ಲ ಅಂತ ಇಬ್ಬರೂ ಚೆನ್ನಿಗನಿಗೆ ದಿನಾ ಕೈ ಮುಗಿಯೋರು. ಚೆನ್ನಿಗ ಅರಮನೆ ಕುಂಬಾರನಾದ, ಅವನ ತಾಯಿಗೆ ವರ್ಷವಿಡೀ ದವಸ ಬಂತು.

ಕೆಲಸ ಮುಗಿದ ಮಾರನೇ ದಿನ ಮಧ್ಯಾಹ್ನ ದೊರೆ ತಾನೇ ಊಟದ ತಟ್ಟೆ ಹಿಡ್ಕೊಂಡು ಮಗಳ ಕೋಣೆಗೆ ಬಂದ. ಬಾಗಿಲು ಮುಚ್ಚಿತ್ತು. ತಟ್ಟಿದ. ಕೆಮ್ಮು ಕೇಳಿಸಲಿಲ್ಲ. ಇನ್ನೊಂದು ಸಲ ತಟ್ಟಿದ. ಕೊಳವೆ ಬಾಯಿ ಒರೆಸ್ತಿದ್ದ ಚೆನ್ನಿಗ ಹತ್ತಿರ ಬಂದು ಬಾಗಿಲಿಗೆ ಕಿವಿ ಇಟ್ಟ. "ನಿದ್ದೆ ಬುದ್ಧಿ. ಹಗಲಲ್ಲೇ, ಗಾಢ ನಿದ್ದೆ."

ಎರಡು ವರ್ಷದಿಂದ ಅವಳು ಒಂದು ಗಂಟೇನೂ ಸರಿಯಾಗಿ ಮಲಗಿರಲಿಲ್ಲ. ದೊರೆ ತಟ್ಟೆ ನೆಲಕ್ಕಿಟ್ಟು ಹೊಸ್ತಿಲ ಹತ್ರಾನೇ ಕೂತ. ಚೆನ್ನಿಗನ ಮಣ್ಣು ಕೈ ಹಿಡ್ಕೊಂಡ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದೇ ಸಲ, ಬೆರಳ ತುದೀಲಿ, ಬಾಗಿಲು ಮುಟ್ಟಿದ.

ಒಳಗಿಂದ ಮಗಳ ನಿಧಾನವಾದ ಉಸಿರು ಮಾತ್ರ ಕೇಳಿಸ್ತು.