ನರಿಯ ಕಾಲು ಓಡಿದ ಕಡೆ

ಬಿಸಿಲೇ ದೊರೆಯಾಗಿದ್ದ ಒಂದು ಬಯಲುಸೀಮೆ ರಾಜ್ಯದಲ್ಲಿ ಸೋಮನಿಂಗ ಅಂತ ಒಬ್ಬ ಕುರುಬ ಇದ್ದ. ಅವನ ಮಂದೆಯಲ್ಲಿ ತೊಗರಿ ಅಂತ ಒಂದು ಕುರಿ. ಕುರಿಗಳ ಬುದ್ಧಿ ನಿಮಗೆ ಗೊತ್ತೇ ಇದೆಯಲ್ಲ! ಒಂದು ಹೊರಟರೆ ಸಾಕು, ಎಲ್ಲಿಗೆ ಅಂತ ಕೇಳದೆ ಮಿಕ್ಕವೂ ತಲೆ ತಗ್ಗಿಸಿಕೊಂಡು ಹಿಂದೆಯೇ ಹೋಗುತ್ತವೆ. ತೊಗರಿ ಮಾತ್ರ ಹಾಗಲ್ಲ. ಮೇಯುವಾಗಲೂ ಅದಕ್ಕೆ "ಯಾಕೆ?" ಅನ್ನೋದೇ ಚಿಂತೆ. ಮೊನ್ನೆ ಮೊನ್ನೆ ಮರಿ ಬೇರೆ ಹಾಕಿತ್ತು. ಆ ಮರಿ ಅಂದರೆ ಅದಕ್ಕೆ ಪ್ರಾಣ.

ಅದೇ ಬಯಲಲ್ಲಿ ಒಂದು ನರಿ ಇತ್ತು. ಮಂದೆ ಕಾಯುವ ನಾಯಿಗಳಿಗೆ ಹೆದರಿ ಕುರಿ ಹಿಡಿಯುವ ಧೈರ್ಯವಿಲ್ಲ, ತಿನ್ನುವ ಆಸೆಯೂ ಬಿಡಲೊಲ್ಲದು. ಸೋಮನಿಂಗ ನಾಯಿಗಳ ಜೊತೆ ದೂರದಲ್ಲಿ ಹೊಸ ನೀರಿನ ಒರತೆ ತೋಡಲು ಹೋದಾಗಲೆಲ್ಲ ನೆಂಟನ ಹಾಗೆ ಬಂದು ಕೂರುತ್ತಿತ್ತು.

ಒಂದು ಮಟಮಟ ಮಧ್ಯಾಹ್ನ ಬಂದು, "ಅಕ್ಕಂದಿರಾ, ನೆರಳಲ್ಲಿ ಏನು ತೂಕಡಿಸ್ತೀರಿ? ಆ ದಿಬ್ಬದ ಮೇಲೆ ಹಸಿರು ಹುಲ್ಲಿದೆ, ಈಗಲೇ ಹೋಗಿ" ಅಂದಿತು. ಮಂದೆ ಉರಿಬಿಸಿಲಲ್ಲಿ ಹೊರಟಿತು. ಅರ್ಧ ದಾರಿಯಲ್ಲೇ ಮುದಿ ಟಗರು ಕುಸಿದು ಬಿತ್ತು, ನರಿಗೆ ಊಟವಾಯಿತು. ತೊಗರಿ ದಾರಿಯಲ್ಲಿ ತಿರುಗಿ ನೋಡಿದಾಗ ಕಂಡದ್ದೇನು? ಮಂದೆ ಬಿಸಿಲಲ್ಲಿ ಬೇಯುತ್ತಿದ್ದಾಗ ನರಿ ಪೊದೆಯ ತಂಪಲ್ಲಿ ಕಾಲು ಚಾಚಿ ಮಲಗಿತ್ತು. ಯಾಕೆ?

ಇನ್ನೊಂದು ದಿನ ನರಿ ಬಂದು, "ಈ ಧಗೆಯಲ್ಲಿ ನೀರು ಕುಡಿದರೆ ಹೊಟ್ಟೆ ಒಡೆದುಹೋಗುತ್ತೆ! ಸಂಜೆತನಕ ಮುಟ್ಟಬೇಡಿ" ಅಂದಿತು. ಕುರಿಗಳು ಬಾಯಿ ಬಿಗಿಹಿಡಿದವು. ಸಂಜೆಗೆ ಒಂದು ಬಡಕಲು ಕುರಿ ಮೇಲೇಳಲೇ ಇಲ್ಲ, ನರಿಗೆ ಮತ್ತೆ ಊಟ. ತೊಗರಿ ಮಾತ್ರ ಕದ್ದು ಹೊಟ್ಟೆತುಂಬ ಕುಡಿದಿತ್ತು. ಮರಿಗೆ ಹಾಲು ಬೇಡವೇ? ಕುಡಿಯಲು ಹೋದಾಗ ನೋಡಿದರೆ ಹಳೆಯ ಒರತೆಯ ಆಚೆ ದಡದಲ್ಲಿ ನರಿಯೂ ಲೊಚಲೊಚ ಕುಡಿಯುತ್ತಿತ್ತು. ಯಾಕಪ್ಪಾ?

ಮೂರನೆಯ ಸಲ ಬಂದಾಗ ಪಡುವಣದ ಆಕಾಶ ಕಪ್ಪಿಟ್ಟಿತ್ತು. ಧೂಳೆದ್ದಿತು, ಗುಡುಗು ಶುರುವಾಯಿತು. ನರಿ ಓಡೋಡಿ ಬಂದು, "ಅಯ್ಯೋ, ಮರಿಗಳು ನೆನೆದುಬಿಡ್ತಾವೆ! ಆ ಒಂಟಿ ಹುಣಸೆಮರದ ಕೆಳಗೆ ಒತ್ತೊತ್ತಾಗಿ ನಿಲ್ಲಿ, ಹೋಗಿ!" ಅಂದಿತು.

ಮಂದೆ ಹೊರಟಿತು. ಮರಿಯೂ ಹೊರಟಿತು. ತೊಗರಿ ಓಡಿಬಂತು. ಮರಿಗೆ ಅಡ್ಡ ನಿಂತು, "ನರಿಯಣ್ಣ, ನೀನೂ ಬಾ" ಅಂದಿತು.

"ನಂಗೆ ಮಳೇಲಿ ನೆನೆಯೋದೇ ಇಷ್ಟ."

"ಹಾಗಾದರೆ ಇಲ್ಲೇ ನಿಂತು ನೆನಿ."

"ಇಲ್ಲಮ್ಮಾ, ಕೆಲಸ ಇದೆ..."

ಫಳ್ ಅಂತ ಮಿಂಚಿತು. ನರಿ ಮಾತು ಅರ್ಧಕ್ಕೇ ಬಿಟ್ಟು, ಬಾಲ ಮುದುರಿಕೊಂಡು, ಮರದಿಂದ ದೂರ, ಬಯಲ ನಡುವಿನ ತಗ್ಗಿಗೆ ಓಟ ಕಿತ್ತಿತು. ಓಹೋ, ಇದೋ ವಿಷಯ! ತೊಗರಿ ಮರಿಯನ್ನು ಮುಂದೆ ಮಾಡಿಕೊಂಡು ಅದರ ಹಿಂದೆಯೇ ಓಡಿತು. ಒಂದು ಕುರಿ ಓಡಿದ್ದೇ ತಡ, ಇಡೀ ಮಂದೆ ತಿರುಗಿ ಅದರ ಬೆನ್ನು ಹತ್ತಿತು.

"ಇಲ್ಲಲ್ರೇ, ಮರಕ್ಕೆ ಹೋಗ್ರೇ!" ಅಂತ ನರಿ ಬಾಯಿ ಬಾಯಿ ಬಡಿದುಕೊಂಡಿತು. ಯಾರು ಕೇಳುತ್ತಾರೆ?

ತಗ್ಗಿನಲ್ಲಿ ನರಿ ಕಾಲು ಮಡಚಿ ಮುದುರಿ ಕೂತಿತು. ತೊಗರಿ ಕೂಗಿತು: "ಹಾಗೇ ಕೂರಿ! ಇವನು ಒತ್ತೊತ್ತಾಗಿ ನಿಲ್ಲಿ ಅಂದನಲ್ಲ, ಅದಕ್ಕೇ ದೂರ ದೂರ ಕೂರಿ!" ಕುರಿಗಳು ನರಿಯ ಸುತ್ತ ಬಿಡಿಬಿಡಿಯಾಗಿ ಕೂತವು.

ಢಮಾರ್! ಸಿಡಿಲು ಹುಣಸೆಮರಕ್ಕೆ ಬಡಿದು, ಮರ ತುದಿಯಿಂದ ಬುಡದವರೆಗೆ ಸೀಳಿಹೋಯಿತು. ತೊಗರಿ ಮರಿಯ ಮೈ ನೆಕ್ಕಿತು. ಬದುಕಿದೆಯಾ ನನ್ನ ಬಂಗಾರ!

ಗುಡುಗು ಪೂರ್ತಿ ನಿಂತ ಮೇಲೆ ಸೋಮನಿಂಗ ಕುರಿ ಹುಡುಕುತ್ತ ಬಂದ. ನೋಡಿದರೆ ಈ ಸಲ ಒಂದೂ ಕಡಿಮೆಯಿಲ್ಲ, ಅವುಗಳ ನಡುವೆ ಇನ್ನೂ ಹೆದರಿ ಮುದುರಿ ಕೂತ ನರಿ ಬೇರೆ! ನಾಯಿಗಳು ಯಾಕೆ ಏನು ಅಂತ ಕೇಳುತ್ತಾ ನಿಲ್ಲಲಿಲ್ಲ. ಆಮೇಲೆ ಆ ಬಯಲಲ್ಲಿ ಆ ನರಿಯನ್ನು ಕಂಡವರಿಲ್ಲ.

ತಿಳಿಯಿತಾ ಮಕ್ಕಳೇ? ಬಿಸಿಲು ಏರಿದಾಗ ನೆರಳಲ್ಲಿರಿ, ನೀರು ಕುಡಿಯಿರಿ. ಗುಡುಗಿದಾಗ ಮನೆಯೊಳಗೆ ಓಡಿ. ಮನೆ ದೂರವಿದ್ದರೆ ತಗ್ಗಲ್ಲಿ ಕುಕ್ಕರುಗಾಲಲ್ಲಿ ಕೂರಿ, ಮರದ ಹತ್ತಿರ ಮಾತ್ರ ಸುಳಿಯಬೇಡಿ. ಬುದ್ಧಿ ಹೇಳುವವರು ಬಂದರೆ ಅವರ ಬಾಯಿ ನೋಡಬೇಡಿ. ಮಿಂಚಿದಾಗ ಅವರ ಕಾಲು ಎತ್ತ ಓಡುತ್ತದೆ, ಅದನ್ನು ನೋಡಿ.