ಉಸ್ತಾದ ಸಾಕು ಅನ್ನುವತನಕ

ಹೂಂಗುಟ್ಟೋರು ಒಬ್ಬರಾದರೂ ಇದ್ದರೆ ಹೇಳತೀನಿ. ನಡುವೆ ಆಕಳಿಸಿದಿರೋ, ಅಲ್ಲಿಗೇ ಬಿಟ್ಟು ಎದ್ದು ಹೋಗತೀನಿ.

ಕಾಕತಿ ಹತ್ತಿರ, ಹೆದ್ದಾರಿಯ ಪಕ್ಕದಲ್ಲಿ ಕಾಶವ್ವ ಅಂತ ಒಬ್ಬಾಕೆ ಇದ್ದಳು. ಗಂಡ ಪರಸಪ್ಪ ಗಾಡಿ ರಿಪೇರಿ ಮಾಡುತ್ತಿದ್ದವ, ತೀರಿಹೋಗಿ ಎರಡು ವರ್ಷ. ಅವನು ಬಿಟ್ಟುಹೋದದ್ದು ಎರಡೇ. ಒಂದು, ತಾನೇ ಕೈಯಾರೆ ಬಿಚ್ಚಿ ಕಟ್ಟಿದ ಹಳೇ ಕೆಂಪು ಕಾರು. ಇನ್ನೊಂದು, ಮೂವತ್ತು ತುಂಬಿದ ಮಗ ಸಿದ್ರಾಯಿ. ಕಾರಿನೊಳಗಾದರೂ ಒಂದು ಕಂಪ್ಯೂಟರ್ ಇತ್ತು.

ಸಿದ್ರಾಯಿ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ. ನೀರು ತಾ ಅಂದರೆ ಬೊಗಸೆಯಲ್ಲಿ ತರುತ್ತಿದ್ದ. ಕೊಡ ಎಲ್ಲೋ ಅಂದರೆ, ಕೊಡದ ಮಾತು ನೀ ಎತ್ತಲೇ ಇಲ್ಲವಲ್ಲ ಅನ್ನುತ್ತಿದ್ದ. ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕಾಶವ್ವನ ಹಣೆಯಲ್ಲಿ ಹಿಂದೆ ಕುಂಕುಮ ಹಚ್ಚುತ್ತಿದ್ದ ಜಾಗ ಸವೆದಿತ್ತು.

ಆ ಕಾರಿಗೆ ಪರಸಪ್ಪ ಸೂಪರ್ ಚಾರ್ಜರ್ ಕೂರಿಸಿದ್ದ. ಅಂದರೆ ಇಂಜಿನ್ನಿನ ಪಕ್ಕ ಕೂತು, ಬೆಲ್ಟಿನಿಂದ ತಿರುಗುತ್ತ, ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬುವ ಯಂತ್ರ. ಕಮ್ಮಾರನ ತಿದಿ ಇದ್ದ ಹಾಗೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಅದಕ್ಕೆ ತಕ್ಕ ಹಾಗೆ ಬೀಳಬೇಕು, ಕಿಡಿಯೂ ಹೊತ್ತಿಗೆ ಸರಿಯಾಗಿ ಹಾರಬೇಕು. ಅದನ್ನು ಹೊಂದಿಸುವ ಮೊದಲೇ ಪರಸಪ್ಪ ಕಣ್ಣು ಮುಚ್ಚಿದ. ಕಾರು ಏರು ಕಂಡರೆ ಸಾಕು, ಕೆಮ್ಮುತ್ತಿತ್ತು.

ಹೊಂದಿಸುವುದರಲ್ಲಿ ಹುಬ್ಬಳ್ಳಿಯ ದಾವಲಸಾಬ ಉಸ್ತಾದನದು ಎತ್ತಿದ ಕೈ. ಅವನ ಪದ್ಧತಿ ಏನೆಂದರೆ, ಓಡಿಸುವವ ಒಬ್ಬ, ನೋಡುವವ ಒಬ್ಬ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಇಂಜಿನ್ ಏನು ಮಾಡಿತು ಅಂತ ಓದಿ, ಕೂದಲೆಳೆಯಷ್ಟು ತಿದ್ದಿ, ಮತ್ತೆ ಓಡಿಸು ಅನ್ನುವುದು. ಪರಸಪ್ಪನ ಮೇಲಿನ ವಿಶ್ವಾಸಕ್ಕೆ ಬಂದವ, ಮೊದಲು ಆಕ್ಸಿಲರೇಟರ್ ಮೇಲೆ ಸಿದ್ರಾಯಿಯ ಕಾಲು ಹೇಗೆ ನಿಲ್ಲುತ್ತದೆ ಅಂತ ನೋಡಿದ. ಇಂಜಿನ್ನಿನ ಸುತ್ತು ಮೂರು ಸಾವಿರಕ್ಕೆ ಹಿಡಿ ಅಂದರೆ ಮುಳ್ಳು ಮೂರು ಸಾವಿರಕ್ಕೇ ನಿಂತಿತು. ಒಂದು ಗೆರೆ ಆಚೆ ಇಲ್ಲ, ಈಚೆ ಇಲ್ಲ. ಉಸ್ತಾದನ ಕಣ್ಣು ಅಗಲವಾಯಿತು. ಇಂಥ ಕಾಲಿಗಾಗಿ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಉಳಿದ ಡ್ರೈವರುಗಳೆಲ್ಲ ತಮ್ಮ ಶೋಕಿಗೆ ಓಡಿಸುತ್ತಾರೆ ಅಂದ.

“ಶುಕ್ರವಾರ ಗಾಡಿ ವಂಟಮುರಿ ಘಾಟ್ ಕೆಮ್ಮದ ಏರಿದ್ರ, ಇವನ್ನ ನನ್ನ ಜೋಡಿ ಕರಕೊಂಡು ಹೋಗತೀನಿ ಅಕ್ಕಾ. ಕಡೀತನಕ ಇಟ್ಕೋತೀನಿ,” ಅಂದ.

ಕಾಶವ್ವ ಒಳಗೆ ಹೋಗಿ ಅತ್ತಳು. ತಾನು ಕಣ್ಣು ಮುಚ್ಚಿದರೆ ಈ ಮಗನ ಗತಿ ಏನು ಅನ್ನುವ ಕೊರಗು ಎರಡು ವರ್ಷದಿಂದ ಆಕೆಯನ್ನು ತಿನ್ನುತ್ತಿತ್ತು. ಈಗ ನಾಲ್ಕು ದಿನ ಸುಸೂತ್ರ ಕಳೆದರೆ ಅದು ತೀರಿತು.

ನಾಲ್ಕು ದಿನ. ಪೆದ್ದನಿಗೆ ಅದು ನಾಲ್ಕು ಯುಗ.

ಉಸ್ತಾದ ಬೆಳಗಾವಿಯ ಲಾಡ್ಜಿಗೆ ಹೋಗುವಾಗ, ನಾಳೆ ನಾನು ಬರುವಷ್ಟರಲ್ಲಿ ಇಂಜಿನ್ ಬೆಚ್ಚಗಿರಲಿ ಅಂದಿದ್ದ. ಬೆಳಿಗ್ಗೆ ಬಂದು ನೋಡಿದರೆ ಕಾರಿನ ಮೇಲೆ ಎರಡು ಕಂಬಳಿ, ಕೆಳಗೆ ಕುಳ್ಳಿನ ಬೆಂಕಿ! ಪೆಟ್ರೋಲ್ ಟ್ಯಾಂಕಿಗೆ ಒಂದು ಗೇಣು ದೂರ. ಉಸ್ತಾದ ಬಾನಿ ನೀರು ಸುರಿದು ಬೈದ. ಇಂಜಿನ್ ಓಡಿದರೆ ತಾನೇ ಬೆಚ್ಚಗಾಗುತ್ತದೋ ಹುಚ್ಚಾ, ಅದಕ್ಕೆ ಬೇಕಾದದ್ದು ತಣ್ಣನೆ ಗಾಳಿ, ಒಳಗೆ ಹೋಗುವುದು ಎಷ್ಟು ತಣ್ಣಗಿದ್ದರೆ ಅಷ್ಟು ಶಕ್ತಿ ಅಂತ ತಿಳಿಸಿ ಹೇಳಿದ.

ಹೂಂ ಅಂದ ಸಿದ್ರಾಯಿ. ಮಾರನೇ ದಿನ ಮೀನಿನ ಅಂಗಡಿಯಿಂದ ಒಂದು ಬುಟ್ಟಿ ಐಸ್ ತಂದು, ಗಾಳಿ ಹೋಗುವ ಕೊಳವೆಯೊಳಗೆ ಗುದ್ದಿ ಗುದ್ದಿ ತುಂಬಿದ. ಉಸ್ತಾದ ಪ್ಲಗ್ ಬಿಚ್ಚಿ, ನೀರು ಬಸಿದು, ಕೊಳವೆ ಒರೆಸುವಷ್ಟರಲ್ಲಿ ಮಧ್ಯಾಹ್ನ. ಇಂಜಿನ್ನಿನಿಂದ ಬಂಗಡೆ ಮೀನಿನ ವಾಸನೆ. ಕಾಶವ್ವ ಅವನ ಕಾಲಿಗೆ ಬಿದ್ದಳು. ಅವನು ನಿಟ್ಟುಸಿರು ಬಿಟ್ಟು, ಇನ್ನು ಮೇಲೆ ಗಾಡಿಯ ಬಾಯಿ ಎಲ್ಲಿ ತೆರೆದಿದ್ದರೂ ಅರಿವೆ ತುರುಕು, ನೊಣ ಕೂಡ ಒಳಗೆ ಹೋಗಬಾರದು ಅಂದ.

ಬುಧವಾರ ಕಾರು ಚಾಲೂ ಆಗಲೇ ಇಲ್ಲ. ಗಾಳಿಯ ಕೊಳವೆಗೆ ಅರಿವೆ, ಹೊಗೆಯ ಕೊಳವೆಗೆ ಅರಿವೆ, ಪೆಟ್ರೋಲ್ ಬಾಯಿಗೆ, ಹಾರನ್ನಿಗೆ, ಬೀಗದ ತೂತಿಗೂ ಅರಿವೆ. ಎಲ್ಲವೂ ಕಾಶವ್ವನ ಮದುವೆಯ ಇಳಕಲ್ ಸೀರೆಯ ಚೂರು. ಆಕೆ ಸೀರೆಗೆ ಅಳಲಿಲ್ಲ, ಕಳೆದುಹೋದ ಇನ್ನೊಂದು ದಿನಕ್ಕೆ ಅತ್ತಳು. ಉಸ್ತಾದ ಆ ಸಂಜೆ ಬೆರಳೆತ್ತಿ ಹೇಳಿದ, ಗಾಡಿ ಹುಟ್ಟಿದಾಗ ಅದರಲ್ಲಿ ಇರದಿದ್ದದ್ದು ಏನಿದ್ದರೂ, ಚಾಲೂ ಮಾಡುವ ಮೊದಲು ಹೊರಗೆ ತೆಗೆದಿಡು.

ಇನ್ನೇನು ಹೇಳಲಿ? ಗುರುವಾರ ಬೆಳಿಗ್ಗೆ ಅಂಗಳದಲ್ಲಿ, ಮಣೆಯ ಮೇಲೆ, ತೊಳೆದು ಒರೆಸಿದ ಸೂಪರ್ ಚಾರ್ಜರ್ ಕೂತಿತ್ತು. ಕಂಪನಿಯಿಂದ ಬಂದಾಗ ಅದು ಇರಲಿಲ್ಲ, ಅಪ್ಪ ಆಮೇಲೆ ಹಾಕಿದ್ದು. ಲೆಕ್ಕ ಸರಿಯೇ. ಗಂಡನ ಕೊನೆಯ ಕೆಲಸ ಹೀಗೆ ಅಂಗಳದಲ್ಲಿ ಬಿದ್ದದ್ದು ನೋಡಿ ಕಾಶವ್ವ ಬಾಯಿ ಬಾಯಿ ಬಡಿದುಕೊಂಡಳು. ಉಸ್ತಾದ ಬೈಯಲಿಲ್ಲ. ಅಂಗಿಯ ತೋಳು ಮಡಚಿ, ಬೋಲ್ಟಿಗೆ ಬೋಲ್ಟು ಹಚ್ಚಿ ಮತ್ತೆ ಕೂರಿಸಿದ. ಹೊತ್ತು ಇಳಿಯುವ ಮುಂಚೆ ಇಬ್ಬರೂ ರಸ್ತೆಗೆ ಇಳಿದರು. ಹನ್ನೊಂದು ಸಲ ಓಡಿಸಿದರು, ಹನ್ನೊಂದು ಸಲ ತಿದ್ದಿದರು. ಪಕ್ಕದಲ್ಲಿ ಉಸ್ತಾದ ಇರುವಷ್ಟು ಹೊತ್ತು ಸಿದ್ರಾಯಿಯಂಥ ಡ್ರೈವರ್ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಕೆಮ್ಮು ಮುಕ್ಕಾಲು ಪಾಲು ಹೋಗಿ, ಕಡೆಗೆ ಪೂರ್ತಿ ಹೋಯಿತು.

ಉಸ್ತಾದ ಹಿಗ್ಗಿದ. “ತಮ್ಮಾ, ನಾಳೆ ಹತ್ತಕ್ಕ ಗಾಡಿ ಘಾಟಿನ ಬುಡಕ್ಕ ಇರ್ಲಿ. ನಾ ಬರೋತನಕ ಅದಕ್ಕ ಕೈ ಹಚ್ಚಬ್ಯಾಡ. ನಾ ಬಂದ ಕೂಡ್ಲೇ ಮೂರನೇ ಗೇರಿನಾಗ ಕಾಲು ಪೂರ್ತಿ ಒತ್ತು. ನಾ ಸಾಕು ಅನ್ನೋತನಕ ಎತ್ತಬ್ಯಾಡ.”

ಹೂಂ ಅಂದ.

ಶುಕ್ರವಾರ ಗುಡಿಗೆ ಹೋಗಿ ಬಂದ ಕಾಶವ್ವ ಏನು ನೋಡಿದಳು? ಮಗ ಎರಡೂ ಕೈ ಎದೆಗೆ ಕಟ್ಟಿಕೊಂಡು, ಡಿಕ್ಕಿಗೆ ಬೆನ್ನು ಕೊಟ್ಟು, ಕಾರನ್ನು ಹೆದ್ದಾರಿಯಲ್ಲಿ ನೂಕುತ್ತಿದ್ದಾನೆ. ಕಾರು ಗಟಾರದ ಕಡೆ ವಾಲುತ್ತಿದೆ. ಕೀಲಿ ತಿರುಗಿಸೋ ಅಂತ ಅಂಗಲಾಚಿದಳು. ಉಸ್ತಾದ ಬರೋತನಕ ಕೈ ಹಚ್ಚೂದಿಲ್ಲ ಅಂದ. ಕೂದಲು ಕಿತ್ತುಕೊಂಡಳು. ಆಗಲಿಲ್ಲ. ಗಟಾರಕ್ಕೆ ಬೀಳುವುದಾದರೂ ತಪ್ಪಲಿ ಅಂತ, ಹುಟ್ಟಿದಾರಭ್ಯ ಸ್ಟೇರಿಂಗ್ ಮುಟ್ಟದ ಆಕೆ ಸೆರಗು ಸಿಕ್ಕಿಸಿ ಒಳಗೆ ಕೂತು ಹಿಡಿದಳು. ಜಿಲ್ಲೆಯಲ್ಲೇ ಜೋರಾದ ಇಂಜಿನ್ ತೆಪ್ಪಗಿತ್ತು. ಎತ್ತಿನ ಗಾಡಿಗಳು ದಾಟಿ ಮುಂದೆ ಹೋದವು.

ಹತ್ತಾಯಿತು, ಹನ್ನೆರಡಾಯಿತು, ಎರಡಾಯಿತು. ಘಾಟಿನ ಬುಡದಲ್ಲಿ ಕಾದು ಸಾಕಾಗಿ ಉಸ್ತಾದ ವಾಪಸ್ ಬಸ್ ಹತ್ತಿದ. ಕಿಟಕಿಯಿಂದ ಈ ಮೆರವಣಿಗೆ ಕಂಡಿತು. ಬಸ್ ನಿಲ್ಲಿಸಿ ಇಳಿದ. ಕಾಶವ್ವ ಕಾರಿನಿಂದಿಳಿದು, ಕೈ ಮುಗಿದು, ಹೇಗಾಯಿತು ಅಂತ ಹೇಳಲು ಹೊರಟಳು.

ಉಸ್ತಾದ ಬಂದನಲ್ಲ! ಸಿದ್ರಾಯಿ ಒಳಗೆ ಕೂತ, ಕೀಲಿ ತಿರುಗಿಸಿದ, ಗೇರಿನ ಮೇಲೆ ಗೇರು ಹಾಕಿ ಮೂರಕ್ಕೆ ಬಂದ, ಕಾಲು ಪೂರ್ತಿ ಒತ್ತಿದ. ಕಾರು ಹೋಯಿತು. ಉಸ್ತಾದ, ಲ್ಯಾಪ್‌ಟಾಪ್, ಅವ್ವ ಮೂರೂ ರಸ್ತೆಯಲ್ಲೇ ಉಳಿದವು.

ಘಾಟಿನ ಕಡೆಯಿಂದ ಸದ್ದು ಕೇಳುತ್ತಿತ್ತು. ಏರುತ್ತ, ಏರುತ್ತ, ಒಂದೇ ಉಸಿರು. ಉಸ್ತಾದ ಕಣ್ಣು ಮುಚ್ಚಿ ಕೇಳಿದ.

“ಒಂದ ಕೆಮ್ಮಿಲ್ಲ ಅಕ್ಕಾ. ಪರಸಪ್ಪ ಇದನ್ನ ಕೇಳಬೇಕಿತ್ತು.”

“ಎಲ್ಲಿ ನಿಲ್ಲಸಬೇಕಂತ ಹೇಳೀರಿ?”

“ನಾ ಸಾಕು ಅಂದಾಗ.”

“ಮತ್ತ ಅನ್ರಿ ಉಸ್ತಾದ್ರ,” ಅಂದಳು ಕಾಶವ್ವ. ಆ ದೊಡ್ಡ ಮನುಷ್ಯ ಖಾಲಿ ರಸ್ತೆಗೆ ಮುಖ ಮಾಡಿ ಸಣ್ಣಗೆ ಸಾಕು ಅಂದ.

ಸಂಕೇಶ್ವರದ ಆಚೆ ಒಂದು ಢಾಬಾದ ಮುಂದೆ ಪೆಟ್ರೋಲ್ ಮುಗಿದು ಕಾರು ನಿಂತಿತ್ತು. ಢಾಬಾದವರು ಇಳಿಸಲು ನೋಡಿದರೂ ಸಿದ್ರಾಯಿ ಕದಲಿರಲಿಲ್ಲ. ಇವರು ಲಾರಿ ಹತ್ತಿ ಹೋಗಿ ನೋಡಿದರೆ, ಸತ್ತ ಇಂಜಿನ್ನಿನ ಮುಂದೆ ಕಾಲು ಒತ್ತಿಕೊಂಡೇ ಕೂತಿದ್ದಾನೆ. ತೊಡೆ ಗಡಗಡ ನಡುಗುತ್ತಿದೆ. ಉಸ್ತಾದ ಸಾಕು ಅಂದ ಮೇಲೆ ಕಾಲೆತ್ತಿದ.

ಉಸ್ತಾದ ಕಾಶವ್ವನ ಕಡೆ ತಿರುಗಿದ. “ಇವನ್ನ ಕರಕೊಂಡು ಹೋಗಾಕ ನನಗ ಧೈರ್ಯ ಸಾಲದು ಅಕ್ಕಾ. ನಾ ಒಂದು ಮಾತು ಮರತ್ರ ಇಂವ ಸಾಯ್ತಾನ.”

“ನಾ ಸತ್ತ ಮ್ಯಾಲ ಇವಗ ಸಾಕು ಅನ್ನೋರು ಯಾರ್ರಿ?”

ಉಸ್ತಾದ ಡಬ್ಬಿ ಹಿಡಿದು ಪೆಟ್ರೋಲ್ ತರಲು ಹೋದ. ಕಾಶವ್ವ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ಅಷ್ಟು ಅತ್ತದ್ದು ಗಂಡ ಸತ್ತಾಗಲೂ ಇಲ್ಲ. ಮಗ ಮುಂದೆ ಬಂದು ನಿಂತ. ನೋಡ್ತಾ ನಿಂತೀಯಲ್ಲೋ, ಹೆತ್ತವ್ವನ ಕಣ್ಣೀರಾದರೂ ಒರೆಸೋ ಅಂದಳು.

ಒರೆಸಿದ. ಇಂಜಿನ್ ಒರೆಸುವ ಎಣ್ಣೆ ಬಟ್ಟೆಯಿಂದ ಒರೆಸಿದ. ಕಣ್ಣೀರು ಹೋಯಿತು, ಮುಖ ಕರ್ರಗಾಯಿತು. ಅವನು ಒರೆಸುತ್ತಲೇ ಇದ್ದ, ಆಕೆ ಬಾಯಿ ಬಿಡದೆ ಒರೆಸಿಸಿಕೊಳ್ಳುತ್ತಲೇ ಇದ್ದಳು. ಪೆಟ್ರೋಲ್ ತಂದ ದಾವಲಸಾಬ ದೂರದಿಂದಲೇ ಅದನ್ನು ಕಂಡು, ಡಬ್ಬಿ ಕೆಳಗಿಟ್ಟು, ಸಾಕೋ ತಮ್ಮಾ ಸಾಕೋ ಅಂತ ಓಡಿಬಂದ.